618ನೇ ಕಪಾಟು, 894ನೇ ಕಪಾಟು

ಶಿರಸಿ
ಬುಧವಾರ ರಾತ್ರಿ

ಪ್ರೀತಿಯ ಮಗಳೇ,

ನೀನು ಪುಣೆಯ ಬಸ್ಸು ಹತ್ತುವ ಮುಂಚೆ ನಡೆದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಇಬ್ಬರಿಗೂ ನೆನಪಿದೆ. ನಿನ್ನ ಚೀಲ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ ಅಪ್ಪನಿಗೂ ನೆನಪಿದೆ. ನನ್ನ ದನಿ ಅಷ್ಟು ಏರಬಾರದಿತ್ತು, ಅದೂ ಮಗಳು ಮನೆಯಿಂದ ಹೊರಡುವ ಹೊತ್ತಿನಲ್ಲಿ. ಅದಕ್ಕೆ ಕ್ಷಮಿಸು. ಹೇಳಿದ ವಿಷಯವನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸು ನನಗಿಲ್ಲ. ಫೋನಿನಲ್ಲಿ ಶುರು ಮಾಡಿದರೆ ಮತ್ತೆ ಜಗಳವಾಗುತ್ತದೆಂದು ಬರೆಯಲು ಕುಳಿತಿದ್ದೇನೆ.

"ಉಪಯೋಗಕ್ಕೆ ಬರುವುದನ್ನು ಮಾತ್ರ ಓದುತ್ತೇನೆ" ಎಂದೆಯಲ್ಲ, ಆ ಮಾತು ನನ್ನನ್ನು ಬಿಡುತ್ತಿಲ್ಲ. ನೀನು ಪೆಟ್ಟಿಗೆಗೆ ತುಂಬಿಕೊಂಡ ಪುಸ್ತಕಗಳನ್ನು ನೋಡಿದೆ. ಬೇಗ ಏಳುವುದು ಹೇಗೆ, ಗುರಿ ಮುಟ್ಟುವುದು ಹೇಗೆ, ಹಣ ಉಳಿಸುವುದು ಹೇಗೆ, ಎದುರಿಗಿದ್ದವರನ್ನು ಒಪ್ಪಿಸುವುದು ಹೇಗೆ. ಅವು ಕೆಟ್ಟ ಪುಸ್ತಕಗಳೆಂದು ನಾನು ಹೇಳುವುದಿಲ್ಲ. ನೀನು ಮೇಜಿನ ಮೇಲೆ ಬಿಟ್ಟುಹೋದ ಒಂದನ್ನು ಈ ವಾರ ಓದಿ ಮುಗಿಸಿದೆ. ನಿದ್ದೆಯ ಬಗ್ಗೆ ಅದರಲ್ಲಿರುವ ಅಧ್ಯಾಯ ಚೆನ್ನಾಗಿಯೇ ಇದೆ. ಗ್ರಂಥಾಲಯಕ್ಕೆ ಬರುವ ಪರೀಕ್ಷೆಯ ಹುಡುಗರಿಗೆ ನಾನೇ ಅಂಥವನ್ನು ಹುಡುಕಿ ಕೊಡುತ್ತೇನೆ. ನನ್ನ ಭಯ ಬೇರೆಯದು. ಯಾವುದು ಉಪಯೋಗಕ್ಕೆ ಬರುತ್ತದೆ ಎಂಬುದು ಇಪ್ಪತ್ತೆರಡನೆಯ ವಯಸ್ಸಿಗೆ ನಿನಗೆ ಹೇಗೆ ಗೊತ್ತಾಯಿತು?

ದೊಡ್ಡಮ್ಮನ ಕಾಯಿಲೆಯ ಕತೆ ನಿನಗೆ ಅರ್ಧ ಗೊತ್ತು. ಉಳಿದರ್ಧವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲ. ನೀನು ಹೋದ ಮೇಲೆ ಅವಳನ್ನೇ ಕೇಳಿದೆ, ಮಗಳಿಗೆ ತಿಳಿಸಲೇ ಎಂದು. "ತಿಳಿಸು, ಬಿಡಿಸಿ ಬರೆ" ಎಂದಳು.

ಆಗ ನಾನು ಪಿಯುಸಿ ಓದುತ್ತಿದ್ದೆ. ಅಕ್ಕ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೆರಿಗೆ ಸುಸೂತ್ರವಾಯಿತು. ಕೆಲವೇ ದಿನಗಳಲ್ಲಿ ಅವಳ ನಿದ್ದೆ ಹಾರಿಹೋಯಿತು. ರಾತ್ರಿಯಿಡೀ ಎದ್ದು ಕೂತು ಗೋಡೆಯ ಕಡೆಗೆ ಮಾತನಾಡುತ್ತಿದ್ದಳು. ಆಮೇಲೆ ಮಗುವನ್ನು ಎತ್ತಿಕೊಳ್ಳುವುದನ್ನು ಬಿಟ್ಟಳು. ಇದು ನನ್ನ ಮಗುವಲ್ಲ, ಯಾರೋ ಬದಲಿಸಿದ್ದಾರೆ ಎಂದಳು. ಒಂದು ದಿನ ಅಟ್ಟ ಹತ್ತಿ ಅಡಿಕೆ ಮೂಟೆಗಳ ಹಿಂದೆ ಅಡಗಿ ಕುಳಿತಿದ್ದಳು. ಕೆಳಗೆ ಮಗು ಹಾಲಿಗೆ ಅಳುತ್ತಿತ್ತು. ಅಜ್ಜಿ ಏಣಿಯ ಬುಡದಲ್ಲಿ ನಿಂತು ಕೈಮುಗಿದು ಕರೆಯುತ್ತಿದ್ದರು. ಬಾಣಂತಿಗೆ ಗಾಳಿ ಸೋಕಿದೆ ಎಂದು ಊರು ತೀರ್ಮಾನಿಸಿತು. ಚೀಟಿ ಕಟ್ಟುವವನು ಬಂದ, ಹೊಗೆ ಹಾಕಿಸಿದ, ಬೇವಿನ ಸೊಪ್ಪಿನಲ್ಲಿ ಹೊಡೆದ. ಗಂಡನ ಮನೆಯವರು ಬಂದು ನೋಡಿ, ಮಗುವನ್ನೂ ನೋಡಿ, ಊಟ ಮಾಡದೆ ಹೋದರು.

ನಮ್ಮ ಮನೆಯಲ್ಲಿ ಪುಸ್ತಕಗಳಿರಲಿಲ್ಲವೆಂದು ತಿಳಿಯಬೇಡ. ನಿನ್ನ ಅಜ್ಜ ಶಾಲೆಯ ಮೇಷ್ಟರು, ದಿನವೂ ಓದುವವರು. ಕುಮಾರವ್ಯಾಸ ಅವರಿಗೆ ಬಾಯಿಪಾಠ. ಪುರಾಣ, ಸ್ತೋತ್ರ, ಪಂಚಾಂಗ, ಎಲ್ಲವೂ ಇದ್ದವು. ಕಾದಂಬರಿ ಎಂದರೆ ಹೆಣ್ಣುಮಕ್ಕಳು ಕೆಡುವ ದಾರಿ ಎಂದು ಅವರು ನಂಬಿದ್ದರು. ವೈದ್ಯಕೀಯದ ಪುಸ್ತಕ ವೈದ್ಯರಿಗೆ ಮಾತ್ರ ಎಂದೂ ನಂಬಿದ್ದರು. ಅಷ್ಟು ಓದಿದ ಮನುಷ್ಯನಿಗೆ ಸ್ವಂತ ಮಗಳ ಮುಖದಲ್ಲಿದ್ದದ್ದನ್ನು ಓದಲಾಗಲಿಲ್ಲ. ಇದನ್ನು ಬರೆಯುವಾಗ ಈಗಲೂ ಕೈ ಗಟ್ಟಿಯಾಗುತ್ತದೆ.

ನಾನು ಗ್ರಂಥಾಲಯಕ್ಕೆ ಹೋದದ್ದು ಅಕ್ಕನಿಗಾಗಿ ಅಲ್ಲ. ನನಗೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳ ಗೀಳು. ಮನೆಯ ಗೋಳಿನಿಂದ ಒಂದು ಗಂಟೆ ತಪ್ಪಿಸಿಕೊಳ್ಳಲು ಪತ್ತೇದಾರ ಪುರುಷೋತ್ತಮನನ್ನು ಹುಡುಕಿಕೊಂಡು ಹೋಗಿದ್ದೆ. ಓದುಗರು ಹಿಂತಿರುಗಿಸಿದ ಪುಸ್ತಕಗಳು ಮೇಜಿನ ಮೇಲೆ ರಾಶಿ ಬಿದ್ದಿದ್ದವು. ಆ ರಾಶಿಯಲ್ಲಿ ತ್ರಿವೇಣಿಯವರ 'ಶರಪಂಜರ' ಇತ್ತು. ಹೆಸರು ಬಾಣ, ಬಿಲ್ಲು, ಕೊಲೆ ಎನ್ನುವ ಹಾಗಿತ್ತು, ಎತ್ತಿಕೊಂಡೆ. ಆ ರಾತ್ರಿ ಬುಡ್ಡಿ ದೀಪದಲ್ಲಿ ಓದುತ್ತಾ ಹೋದಂತೆ ಕಾವೇರಿ ಎಂಬ ಆ ಹೆಂಗಸು ನಮ್ಮ ಪಕ್ಕದ ಕೋಣೆಯಲ್ಲೇ ಇದ್ದಾಳೆ ಎನಿಸಿತು. ಹೆರಿಗೆಯ ನಂತರ ಮನಸ್ಸು ಕದಡಿದವಳು. ತ್ರಿವೇಣಿ ಮನಶ್ಶಾಸ್ತ್ರ ಓದಿದವರು. ತಮಗೆ ಗೊತ್ತಿದ್ದುದನ್ನು ಬರೆದಿದ್ದರು. ಅದೇ ತ್ರಿವೇಣಿ 1963ರಲ್ಲಿ, ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಆ ದಿನ ತಿಳಿದಿದ್ದರೆ ಆ ಪುಸ್ತಕ ಮುಗಿಸುವ ಧೈರ್ಯ ಬರುತ್ತಿರಲಿಲ್ಲ.

ಇದು ಗಾಳಿಯಲ್ಲ, ಕಾಯಿಲೆ ಎಂಬುದು ನನಗೆ ಗೊತ್ತಾದದ್ದು ಹಾಗೆ. ಆದರೆ ಹದಿನೇಳರ ಹುಡುಗಿ ಕಾದಂಬರಿ ತೋರಿಸಿ ಹೇಳಿದರೆ ಯಾರು ಕೇಳುತ್ತಾರೆ? ಮತ್ತೆ ಗ್ರಂಥಾಲಯಕ್ಕೆ ಹೋದೆ. ಈ ಸಲ ಬೇಕಾದದ್ದು ಏನೆಂದು ಗೊತ್ತಿತ್ತು. ಡಾಕ್ಟರ್ ಅನುಪಮಾ ನಿರಂಜನ ಅವರ 'ತಾಯಿ ಮಗು' ತಂದೆ. ಬಸಿರು, ಬಾಣಂತನಗಳ ಬಗ್ಗೆ ವೈದ್ಯೆಯೊಬ್ಬರು ನಾಚಿಕೆ, ಹೆದರಿಕೆಗಳಿಲ್ಲದೆ ನಮ್ಮ ಭಾಷೆಯಲ್ಲಿ ಬರೆದ ಪುಸ್ತಕ. ಅದನ್ನೂ ಕಾದಂಬರಿಯನ್ನೂ ಒಟ್ಟಿಗೆ ಅಜ್ಜನ ಮೇಜಿನ ಮೇಲಿಟ್ಟು ಕಾಲೇಜಿಗೆ ಹೋದೆ. ಅಜ್ಜ ಏನೂ ಹೇಳಲಿಲ್ಲ. ಪುಸ್ತಕಗಳು ಮೇಜಿನ ಮೇಲೆ ಜಾಗ ಬದಲಿಸುತ್ತಿದ್ದವು, ಅಷ್ಟೇ ನನಗೆ ಕಂಡದ್ದು. ಆಮೇಲೊಂದು ಬೆಳಿಗ್ಗೆ ಬಾಡಿಗೆ ಕಾರು ಬಂತು, ಅಕ್ಕನನ್ನು ಮಾನಸಿಕ ರೋಗದ ವೈದ್ಯರ ಬಳಿಗೆ ಕರೆದೊಯ್ದರು. ಕಂಪೌಂಡರ್ ಆಗಿದ್ದ ಸೋದರಮಾವನೂ ಒತ್ತಾಯ ಮಾಡಿದ್ದನಂತೆ. ಯಾವುದರಿಂದ ಅಜ್ಜನ ಮನಸ್ಸು ತಿರುಗಿತೋ ಅವರು ಸಾಯುವವರೆಗೂ ಹೇಳಲಿಲ್ಲ. ಅಕ್ಕನನ್ನು ಗುಣಪಡಿಸಿದ್ದು ವೈದ್ಯರು, ಮಾತ್ರೆ, ನಿದ್ದೆ. ಪುಸ್ತಕ ರೋಗ ವಾಸಿ ಮಾಡಿತೆಂದು ನಾನು ಯಾವತ್ತೂ ಹೇಳಿಲ್ಲ.

ಕಾದಂಬರಿ ಮಾಡಿದ ಕೆಲಸ ಇನ್ನೊಂದು. ಅದನ್ನು ನಿನಗೆ ಹೇಗೆ ತಿಳಿಸಲಿ? ಆ ಕಥೆಯಲ್ಲಿ ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ. ಆಮೇಲೆ ಎಲ್ಲರೂ ಅವಳನ್ನು ಕಾಯುತ್ತಾರೆ. ಜೋರಾಗಿ ನಕ್ಕರೆ ಅನುಮಾನ, ಸುಮ್ಮನಿದ್ದರೆ ಅನುಮಾನ. ರೋಗ ಹೋದ ಮೇಲೂ ಆ ಕಣ್ಣುಗಳು ಅವಳನ್ನು ಬಿಡುವುದಿಲ್ಲ. ಅಕ್ಕ ಆಸ್ಪತ್ರೆಯಿಂದ ಬಂದಾಗ ನಮ್ಮ ಮನೆಯಲ್ಲೂ ಅದೇ ನಡೆಯಿತು. ಅವಳ ಕೈಯಿಂದ ಲೋಟ ಬಿದ್ದರೆ ಅಡುಗೆಮನೆ, ಜಗಲಿ, ಅಂಗಳ ಎಲ್ಲ ಕಡೆ ಕೆಲಸ ನಿಂತುಬಿಡುತ್ತಿತ್ತು. ನಾನೊಬ್ಬಳು ತಲೆಯೆತ್ತುತ್ತಿರಲಿಲ್ಲ. ಓದಿದ್ದೆನಲ್ಲ, ಹಾಗಾಗಿ ಗೊತ್ತಿತ್ತು. ಅವಳು ನಕ್ಕರೆ ನಾನೂ ನಗುತ್ತಿದ್ದೆ. ಮಗುವಿನ ಬಟ್ಟೆ ಅವಳ ಕೈಗೇ ಕೊಡುತ್ತಿದ್ದೆ. ದೊಡ್ಡಮ್ಮ ಮೊನ್ನೆ ಹೇಳಿದಳು: "ಆ ಮನೆಯಲ್ಲಿ ನನ್ನನ್ನು ನೋಡದೆ ಇದ್ದವಳು ನೀನೊಬ್ಬಳೇ, ಅದಕ್ಕೇ ನಿನ್ನ ಪಕ್ಕ ಮಲಗುತ್ತಿದ್ದೆ." ನಾನು ಇದನ್ನು ಯಾರಿಂದಲೂ ಕಲಿತಿರಲಿಲ್ಲ ಮಗಳೇ. ಹೆಂಗಸರ ಕಾದಂಬರಿ ಎಂದು ಮೂಗು ಮುರಿಯುತ್ತಿದ್ದ ಪುಸ್ತಕದಿಂದ ಕಲಿತೆ. ವೈದ್ಯೆಯ ಪುಸ್ತಕದಲ್ಲಿ ಅದು ಇರಲಿಲ್ಲ, ವೈದ್ಯೆಯ ಪುಸ್ತಕದಲ್ಲಿದ್ದದ್ದು ಕಾದಂಬರಿಯಲ್ಲಿ ಇರಲಿಲ್ಲ.

ನಾನು ಗ್ರಂಥಾಲಯದ ಈ ಕೆಲಸಕ್ಕೆ ಸೇರಿದ ಮೇಲೆ ಪುಸ್ತಕಗಳ ಬೆನ್ನಿಗೆ ಡ್ಯೂಯಿ ಪದ್ಧತಿಯ, ಎಂದರೆ ವಿಷಯಕ್ಕೊಂದು ಸಂಖ್ಯೆ ಕೊಡುವ ಪದ್ಧತಿಯ, ಅಂಕಿ ಬರೆಯುವುದು ಕಲಿತೆ. ಹೆರಿಗೆ, ಸ್ತ್ರೀರೋಗಗಳಿಗೆ 618. ಕನ್ನಡ ಸಾಹಿತ್ಯಕ್ಕೆ 894. ಆ ಎರಡು ಪುಸ್ತಕಗಳು ಬೇರೆ ಬೇರೆ ಕಪಾಟಿನಲ್ಲಿ, ಒಂದಕ್ಕೊಂದು ಕಾಣದಷ್ಟು ದೂರದಲ್ಲಿ ನಿಲ್ಲುತ್ತವೆ. ನನ್ನ ಅಕ್ಕನಿಗೆ ಎರಡೂ ಬೇಕಾಗಿದ್ದವು. ಗಣಿತದ ಮೇಷ್ಟರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟರು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು ಎರಡನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು ಮೂರನೆಯದು. ಆ ಮೂರನೆಯದಕ್ಕಾಗಿಯೇ ಅವರು ಕಪಾಟುಗಳನ್ನು ತೆರೆದಿಡಿ, ಓದುಗರು ನಡೆದಾಡಲಿ ಎಂದು ಒತ್ತಿ ಹೇಳಿದರು. ನಿನ್ನ ಮೊಬೈಲ್ ನೀನು ನಿನ್ನೆ ಕೊಂಡದ್ದನ್ನು ನೋಡಿ ಅದರಂಥದ್ದನ್ನೇ ಇಂದು ತೋರಿಸುತ್ತದೆ. ಅಲ್ಲಿ ನಡೆದಾಡಲು ಜಾಗವಿಲ್ಲ.

ಈಗ ಉಪದೇಶ ಮಾಡುತ್ತೇನೆ, ಸಿಟ್ಟಾಗಬೇಡ. ಸಿಟ್ಟಾದರೂ ಓದು.

ನೀನು ಎಂಜಿನಿಯರ್, ಆದ್ದರಿಂದ ನೇಮಿಚಂದ್ರರಿಂದ ಶುರು ಮಾಡು. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿ ದುಡಿಯುತ್ತಲೇ ಬರೆದವರು. 'ಪೆರುವಿನ ಪವಿತ್ರ ಕಣಿವೆಯಲ್ಲಿ' ಪ್ರವಾಸ ಕಥನ, 'ಯಾದ್ ವಶೇಮ್' ನಾಜಿಗಳ ಕೈಯಲ್ಲಿ ಯಹೂದಿಗಳಿಗಾದದ್ದನ್ನು ಹಿಂಬಾಲಿಸುವ ಕಾದಂಬರಿ. ಕೆಲಸದ ಒತ್ತಡದಲ್ಲಿ ಸಮಯವಿಲ್ಲ ಎನ್ನುವಾಗ ಅವರನ್ನು ನೆನೆಸಿಕೋ. ವಿಜ್ಞಾನ ಬೇಕೆಂದರೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ಹುಡುಕುತ್ತಾ ಕಾಡು ಸುತ್ತಿದ ಕಥೆ, ನಕ್ಕು ನಕ್ಕು ಸುಸ್ತಾಗುತ್ತೀಯೆ, ಮುಗಿಯುವಷ್ಟರಲ್ಲಿ ಸಸ್ಯಶಾಸ್ತ್ರ ಬಂದಿರುತ್ತದೆ. ಆತ್ಮಕಥೆಯಲ್ಲಿ ಸಿದ್ದಲಿಂಗಯ್ಯನವರ 'ಊರುಕೇರಿ'. ಹಸಿವನ್ನೂ ಜಾತಿಯ ಅವಮಾನವನ್ನೂ ಅಷ್ಟು ಹಗುರವಾದ ದನಿಯಲ್ಲಿ ಹೇಳಲು ಎಷ್ಟು ದೊಡ್ಡ ಮನಸ್ಸು ಬೇಕೆಂದು ಓದಿದವರಿಗೇ ಗೊತ್ತು. ದೇವನೂರ ಮಹಾದೇವರ 'ಕುಸುಮಬಾಲೆ' ಮೊದಲಿಗೆ ಕಷ್ಟವೆನಿಸುತ್ತದೆ, ಅದು ನಂಜನಗೂಡು ಕಡೆಯ ಆಡುಮಾತು. ನಮ್ಮ ಕಡೆಯವರಿಗೆ ಬಾಯಿಬಿಟ್ಟು ಓದಿದರೆ ಮಾತ್ರ ದಕ್ಕುತ್ತದೆ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನೀನು ಆ ಸುದ್ದಿಯನ್ನು ಎಲ್ಲರಿಗೂ ಕಳುಹಿಸಿದೆ. ಕಥೆ ಓದಿದೆಯಾ? ದೀಪಾ ಭಾಸ್ತಿಯವರ ಇಂಗ್ಲಿಷ್‌ನಲ್ಲಾದರೂ ಓದು, ನನಗೆ ಅಡ್ಡಿಯಿಲ್ಲ.

ಒಂದು ಬಗೆಯದು ಮುಗಿದ ಕೂಡಲೇ ಅದೇ ಬಗೆಯದಕ್ಕೆ ಕೈಹಾಕಬೇಡ. ಕಾದಂಬರಿಯ ನಂತರ ಪ್ರವಾಸ, ಅದರ ನಂತರ ಕವಿತೆ, ಆಮೇಲೆ ಇತಿಹಾಸ. ಮೂವತ್ತು ಪುಟವಾದರೂ ಹಿಡಿಸದಿದ್ದರೆ ಮುಚ್ಚಿಡು, ಪಾಪವೇನೂ ಬರುವುದಿಲ್ಲ. ಆದರೆ ಯಾವುದನ್ನೂ ಬಗೆಯ ಹೆಸರು ಕೇಳಿಯೇ ಬೇಡವೆನ್ನಬೇಡ. ಕಾರಂತರು ಕಾದಂಬರಿ ಬರೆದು ಅಲ್ಲಿಗೇ ನಿಲ್ಲಲಿಲ್ಲ, ಮಕ್ಕಳಿಗೆ 'ಬಾಲಪ್ರಪಂಚ' ಬರೆದರು, ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದರು, ಯಕ್ಷಗಾನದ ಬೆನ್ನು ಹತ್ತಿದರು. ನೀನು ಚಿಕ್ಕಂದಿನಲ್ಲಿ ಹರಿಯುವವರೆಗೆ ಓದಿಸಿಕೊಂಡ 'ದಿನಕ್ಕೊಂದು ಕಥೆ'ಯ ಸಂಪುಟಗಳು ಆ 'ತಾಯಿ ಮಗು' ಬರೆದ ಅನುಪಮಾ ಅವರವೇ. ಹನ್ನೆರಡೂ ಸಂಪುಟಗಳು ಅಟ್ಟದಲ್ಲಿವೆ, ಯಾರಿಗೂ ಕೊಟ್ಟಿಲ್ಲ.

ಪುಣೆ ಪುಸ್ತಕಗಳ ಊರು. ಅಪ್ಪಾ ಬಳವಂತ ಚೌಕದಲ್ಲಿ ಸಾಲು ಸಾಲು ಪುಸ್ತಕದಂಗಡಿಗಳಿವೆ. ಭಾನುವಾರ ಮಾಲ್‌ಗೆ ಹೋಗುವ ಮೊದಲು ಅಲ್ಲಿಗೆ ಹೋಗು. ನಿನಗೆ ದೇವನಾಗರಿ ಬರುತ್ತದೆ, ಮರಾಠಿ ಕಲಿಯಲು ಎಷ್ಟು ಹೊತ್ತು? ಬೇಂದ್ರೆಯವರು ನೂರು ವರ್ಷಗಳ ಹಿಂದೆ ಅದೇ ಊರಿನ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು, ಮರಾಠಿಯಲ್ಲೂ ಬರೆದವರು. ಮರಾಠಿ ಬಂದ ಮೇಲೆ ಲಕ್ಷ್ಮೀಬಾಯಿ ತಿಲಕ್ ಅವರ ಆತ್ಮಕಥೆ 'ಸ್ಮೃತಿಚಿತ್ರೆ' ಓದಿ ನನಗೆ ಹೇಳು. ಅದನ್ನು ಮೂಲದಲ್ಲಿ ಓದುವ ಆಸೆ ನನಗೆ ಈ ಜನ್ಮದಲ್ಲಿ ತೀರಲಿಲ್ಲ.

ನಿನ್ನ ಬಗ್ಗೆ ಹೆಮ್ಮೆಯಿಲ್ಲ ಎಂದು ಮಾತ್ರ ತಿಳಿಯಬೇಡ. ನಿನ್ನ ನೇಮಕಾತಿ ಪತ್ರದ ಪ್ರತಿಯನ್ನು ಅಪ್ಪ ಅಂಗಿಯ ಜೇಬಿನಲ್ಲಿಟ್ಟುಕೊಂಡು ಸೊಸೈಟಿಯವರಿಗೆಲ್ಲ ತೋರಿಸಿದರು. ನಾನು ತೋರಿಸಲಿಲ್ಲ, ಆದರೆ ಗ್ರಂಥಾಲಯದಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿದ್ದೇನೆ. ಸಾಲದ ಬಡ್ಡಿಯ ಲೆಕ್ಕವನ್ನು ನೀನು ಬ್ಯಾಂಕಿನವರಿಗೇ ತಿದ್ದಿ ಹೇಳಿದ ದಿನ ನನ್ನ ಮಗಳು ಎಲ್ಲಿ ಬೇಕಾದರೂ ಬದುಕುತ್ತಾಳೆ ಎನಿಸಿತು. ನನ್ನ ಚಿಂತೆ ನಿನ್ನ ಸಂಬಳದ್ದಲ್ಲ. ಕೋಣೆಯಲ್ಲಿ ಜೊತೆಗಿರುವ ಹುಡುಗಿ ಒಂದು ರಾತ್ರಿ ನಿದ್ದೆಯಿಲ್ಲದೆ ಗೋಡೆ ನೋಡುತ್ತಾ ಕುಳಿತಿದ್ದರೆ ನಿನಗೆ ಏನಾದರೂ ಹೊಳೆಯಬೇಕು. ಅಥವಾ ನೀನೇ ಹಾಗೆ ಕುಳಿತಿದ್ದರೆ. ಆಗ ಬೇಗ ಏಳುವುದು ಹೇಗೆ ಎಂಬ ಪುಸ್ತಕ ಕೈಗೆ ಬರಬಾರದು ಎಂಬುದೇ ನನ್ನ ಭಯ. ಎಷ್ಟು ಸಲ ಬರೆದರೂ ಅಲ್ಲಿಗೇ ಬಂದು ನಿಲ್ಲುತ್ತಿದ್ದೇನೆ.

ಪಾರ್ಸೆಲ್ ನಾಳೆ ಹೊರಡುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಬೇರೆ ಡಬ್ಬಿಯಲ್ಲಿ ಕಟ್ಟಿದ್ದೇನೆ, ಎಣ್ಣೆ ಪುಸ್ತಕಗಳಿಗೆ ತಾಗುವುದಿಲ್ಲ. 'ಶರಪಂಜರ' ಇದೆ, ಸ್ವಾಮಿಯವರದ್ದಿದೆ, ಪತ್ತೇದಾರ ಪುರುಷೋತ್ತಮನೂ ಒಬ್ಬನಿದ್ದಾನೆ. ಮೂರೂ ನನ್ನ ಸ್ವಂತದವು, ಗ್ರಂಥಾಲಯದವಲ್ಲ, ಆದ್ದರಿಂದ ಹಿಂತಿರುಗಿಸುವ ಅವಸರವಿಲ್ಲ.

ನನ್ನ ಮೇಲಿನ ಸಿಟ್ಟು ಇಳಿದಿರದಿದ್ದರೂ ದೊಡ್ಡಮ್ಮನಿಗೆ ಫೋನು ಮಾಡು. ನಿನಗೆ ಎಲ್ಲ ಗೊತ್ತಾಗಿದೆ ಎಂದು ನಾನು ಅವಳಿಗೆ ಹೇಳಿರುತ್ತೇನೆ. ಭಾನುವಾರ ಮಧ್ಯಾಹ್ನದ ಮೇಲೆ ಮಾಡು, ಬೆಳಿಗ್ಗೆ ಅವಳು ತೋಟದಲ್ಲಿರುತ್ತಾಳೆ.

ನಿನ್ನ
ಅಮ್ಮ