ಡಿಶ್‌ವಾಷರ್‌ನಲ್ಲಿ ನೀರು ನಿಂತರೆ ಪಂಪನ್ನೇ ಬದಲಿಸಬೇಕೇ?

ಮಾನ್ಯ ಸಂಪಾದಕರೇ,

ಡಿಶ್‌ವಾಷರ್‌ನ ತಳದಲ್ಲಿ ಮುಸುರೆ ನೀರು ನಿಂತಿದೆಯೆಂದು ದೂರು ಕೊಟ್ಟರೆ, ಬಂದವರು ಫಿಲ್ಟರನ್ನು ಎತ್ತಿಯೂ ನೋಡದೆ ‘ಡ್ರೈನ್ ಪಂಪು (ನೀರನ್ನು ಹೊರಹಾಕುವ ಪಂಪು) ಹೋಗಿದೆ’ ಎಂದು ಖರ್ಚಿನ ಅಂದಾಜು ಬರೆದುಕೊಡುವುದುಂಟು. ನಮ್ಮ ಮನೆಯಲ್ಲಿ ಹೀಗೆ ‘ಹೋಗಿದ್ದ’ ಪಂಪು, ಅದರ ರೆಕ್ಕೆಗೆ ಸುತ್ತಿಕೊಂಡಿದ್ದ ಹುಣಸೆ ನಾರನ್ನು ತೆಗೆದ ಮೇಲೆ ಇಂದಿಗೂ ಓಡುತ್ತಿದೆ. ದೋಷವನ್ನು ಯಾವ ಕ್ರಮದಲ್ಲಿ ಹುಡುಕಬೇಕೆಂಬುದನ್ನು ಯಂತ್ರ ಮಾರುವ ಕಂಪನಿಗಳು ಕನ್ನಡದಲ್ಲಿ ಮುದ್ರಿಸಿ ಕೊಟ್ಟರೆ ಇಂಥ ಅನಗತ್ಯ ಖರ್ಚು ಬಹುಮಟ್ಟಿಗೆ ತಪ್ಪುತ್ತದೆ.

ಫಿಲ್ಟರಿನ ಕೆಳಗಿನ ಗುಂಡಿಯಲ್ಲಿ ಸ್ವಲ್ಪ ನೀರು ಉಳಿಯುವುದು ದೋಷವಲ್ಲ. ನೀರು ಮೇಲೇರಿ ತಳವನ್ನೇ ಮುಚ್ಚಿದ್ದರೆ ಮಾತ್ರ ಚಿಂತಿಸಬೇಕು. ಆಗ ಪ್ಲಗ್ ಕಿತ್ತು, ನೀರನ್ನು ಸ್ಪಂಜಿನಿಂದ ಹೀರಿ ತೆಗೆದು, ಫಿಲ್ಟರನ್ನು ತಿರುಗಿಸಿ ಹೊರತೆಗೆದರೆ, ಅನ್ನದ ಅಗುಳು, ಸಾಸಿವೆ, ಕರಿಬೇವಿನ ಎಲೆಗಳು ಜಿಡ್ಡಿನೊಡನೆ ಸೇರಿ ಕಟ್ಟಿಕೊಂಡ ಪದರ ಅಲ್ಲಿಯೇ ಸಿಗುವ ಸಾಧ್ಯತೆ ಹೆಚ್ಚು. ಗುಂಡಿಯೊಳಗೆ ಬೆರಳಾಡಿಸುವಾಗ ಒಡೆದ ಗಾಜಿನ ಚೂರು ಇರಬಹುದೆಂಬ ಎಚ್ಚರ ಬೇಕು.

ಫಿಲ್ಟರ್ ಸ್ವಚ್ಛವಾಗಿದ್ದರೆ ಮುಂದಿನ ಪರೀಕ್ಷೆ ಕಿವಿಯದು. ಅನೇಕ ಮಾದರಿಗಳಲ್ಲಿ ನಡೆಯುತ್ತಿರುವ ಪ್ರೋಗ್ರಾಮನ್ನು ರದ್ದುಮಾಡಿದರೆ ಡ್ರೈನ್ ಪಂಪು ಸ್ವಲ್ಪ ಹೊತ್ತು ಓಡುತ್ತದೆ. ಸದ್ದು ಬಂದೂ ನೀರು ಇಳಿಯದಿದ್ದರೆ ಪಂಪಿಗೆ ವಿದ್ಯುತ್ತು ತಲುಪುತ್ತಿದೆ, ರೆಕ್ಕೆಗೆ ಏನೋ ಅಡ್ಡ ಸಿಕ್ಕಿದೆ ಇಲ್ಲವೇ ಪೈಪು ಕಟ್ಟಿದೆ ಎಂದು ತಿಳಿಯಬಹುದು. ಸದ್ದೇ ಬಾರದಿದ್ದರೆ ಪಂಪು, ತಂತಿ, ಬೋರ್ಡುಗಳನ್ನು ಮೀಟರ್ ಹಿಡಿದು ನೋಡಬೇಕಾದ್ದರಿಂದ ಅದು ತಂತ್ರಜ್ಞರಿಗೇ ಬಿಟ್ಟ ಕೆಲಸ. ಪಂಪು ನಿಲ್ಲದೆ ಓಡುತ್ತಲೇ ಇದ್ದರೆ ಯಂತ್ರದ ಅಡಿಯ ತಟ್ಟೆಗೆ ನೀರು ಸೋರಿ ಸುರಕ್ಷತಾ ಸ್ವಿಚ್ಚು ಎಚ್ಚೆತ್ತಿರಬಹುದು. ಆಗ ಹುಡುಕಬೇಕಾದದ್ದು ಸೋರಿಕೆಯನ್ನು.

ನೀರು ಹೊರಹೋಗಿ ಮತ್ತೆ ಒಳಗೆ ಬರುತ್ತಿದ್ದರೆ ತಪ್ಪು ಯಂತ್ರದ ಹೊರಗಿರುವ ಸಂಭವವೇ ಹೆಚ್ಚು. ಡ್ರೈನ್ ಪೈಪಿನ ತುದಿ ನೆಲದಿಂದ ಸುಮಾರು 40ರಿಂದ 100 ಸೆಂ.ಮೀ. ಎತ್ತರದಲ್ಲಿರಬೇಕೆಂದು ಹಲವು ಕೈಪಿಡಿಗಳು ಹೇಳುತ್ತವೆ. ಆದರೆ ನಮ್ಮ ಅಪಾರ್ಟ್‌ಮೆಂಟುಗಳ ಯುಟಿಲಿಟಿಯಲ್ಲಿ ಅದನ್ನು ನೆಲದ ನಹಾನಿ ಟ್ರ್ಯಾಪಿಗೆ (ನೆಲದ ನೀರು ಹರಿದುಹೋಗುವ ಜಾಲರಿ ತೂತಿಗೆ) ತುರುಕಿ ಹೋಗುವುದೇ ರೂಢಿಯಾಗಿದೆ. ಅಳವಡಿಸಲು ಬಂದವರಿಗೆ ಇದು ಗೊತ್ತಿಲ್ಲವೆಂದು ನಾನು ನಂಬಲಾರೆ. ಪೈಪನ್ನು ಸಿಂಕಿನ ಟ್ರ್ಯಾಪಿಗೆ (ಸಿಂಕಿನ ಕೆಳಗಿನ ಬಾಗಿದ ಕೊಳವೆಗೆ) ಜೋಡಿಸಿದ್ದಲ್ಲಿ ಸಿಂಕ್ ಕಟ್ಟಿಕೊಂಡರೂ ಅದರ ಕೊಳೆ ನೀರು ಡಿಶ್‌ವಾಷರ್‌ಗೆ ನುಗ್ಗಬಹುದು. ಡ್ರೈನ್ ಪೈಪಿನ ಹೊರತುದಿಯನ್ನು ಬಿಚ್ಚಿ ಬಕೆಟ್ಟಿಗೆ ಬಿಟ್ಟು ಪಂಪು ಓಡಿಸಿ, ನೀರು ರಭಸದಿಂದ ಬಿದ್ದರೆ ಕರೆಯಬೇಕಾದದ್ದು ಕೊಳಾಯಿ ಕೆಲಸದವರನ್ನು.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ಆರಂಭಿಸಿದ ‘ರೈಟ್ ಟು ರಿಪೇರ್’ (ರಿಪೇರಿಯ ಹಕ್ಕು) ಎಂಬ, ರಿಪೇರಿಯ ಮಾಹಿತಿ ನೀಡುವ ಪೋರ್ಟಲ್ ಗೃಹೋಪಯೋಗಿ ವಸ್ತುಗಳನ್ನೂ ಒಳಗೊಂಡಿದೆ. ಆದರೆ ಕಂಪನಿಗಳ ಮೇಲೆ ಬಿಗಿಯಾದ ಕಟ್ಟುಪಾಡಿಲ್ಲದೆ ಮಾಹಿತಿಯಿಂದಷ್ಟೇ ಗ್ರಾಹಕನಿಗೆ ದೊರಕುವುದು ಕಡಿಮೆ. ಯುರೋಪಿಯನ್ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ಜಾರಿಯಲ್ಲಿರುವ ನಿಯಮದಂತೆ, ಒಂದು ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೂ ಡ್ರೈನ್ ಪಂಪು 7 ವರ್ಷ ವೃತ್ತಿಪರ ರಿಪೇರಿಗಾರರಿಗೆ, ಡ್ರೈನ್ ಫಿಲ್ಟರ್, ಸೀಲುಗಳಂಥ ಭಾಗಗಳು 10 ವರ್ಷ ಗ್ರಾಹಕರಿಗೂ ಸಿಗಬೇಕು. ಅಂಥದೇ ನಿಯಮವನ್ನು ಇಲ್ಲಿಯೂ ತಂದು, ಪಂಪಿನ ಬೆಲೆಯನ್ನು ಮೊದಲೇ ಪ್ರಕಟಿಸುವುದನ್ನೂ, ಬದಲಿಸುವ ಮುನ್ನ ಫಿಲ್ಟರ್ ಮತ್ತು ಪೈಪನ್ನು ಪರೀಕ್ಷಿಸಿದ್ದಾಗಿ ತಂತ್ರಜ್ಞರು ಬರಹದಲ್ಲಿ ಕೊಡುವುದನ್ನೂ ಇಲಾಖೆ ಕಡ್ಡಾಯಗೊಳಿಸಬೇಕು. ಅಲ್ಲಿಯವರೆಗೆ, ಅಂದಾಜು ಪಟ್ಟಿ ಅನುಮಾನ ಹುಟ್ಟಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು.

— ಓರ್ವ ಓದುಗ, ಬೆಂಗಳೂರು