ಭಾನುವಾರ ದತ್ತಣ್ಣ ಅವರ ಬಗ್ಗೆ ಮಾತುಕತೆ

ಗೆಳೆಯರೇ, ಈ ಭಾನುವಾರ ಸಂಜೆ ದತ್ತಣ್ಣ ಅವರ ನಟನೆ ಬಗ್ಗೆ ಮಾತಾಡೋಣ. ದತ್ತಣ್ಣ ಅಂದರೆ ಎಚ್.ಜಿ. ದತ್ತಾತ್ರೇಯ, ನಮ್ಮ ಚಿತ್ರದುರ್ಗದವರೇ, 1942ರಲ್ಲಿ ಹುಟ್ಟಿದವರು. ವಾಯುಪಡೆಯಲ್ಲಿ ಅಧಿಕಾರಿಯಾಗಿದ್ದರು. ಸಿನಿಮಾಕ್ಕೆ ಬಂದಾಗ ನಲವತ್ತು ದಾಟಿತ್ತು! 'ಮುನ್ನುಡಿ'ಗೆ 2000ನೇ ಸಾಲಿನ ಅತ್ಯುತ್ತಮ ಪೋಷಕ ನಟ ರಾಷ್ಟ್ರಪ್ರಶಸ್ತಿ ಬಂತು. ಆದರೆ ನಮ್ಮ ಮನೆಯವರೇ ಅನ್ನಿಸಿದ್ದು ಟಿವಿಯಲ್ಲಿ, 'ಮಾಯಾಮೃಗ' ನೋಡುವಾಗ ಅಲ್ವಾ? ಜಾಸ್ತಿ ಕೂಗಾಡುವುದಿಲ್ಲ. ಮಾತಿನ ನಡುವೆ ಸುಮ್ನೆ ಒಂದು ಕ್ಷಣ ನಿಲ್ಲುತ್ತಾರೆ, ಸಿಟ್ಟು ಸಂಕಟ ಎರಡೂ ನಮಗೆ ತಾಗುತ್ತದೆ. ನನಗಂತೂ ಆ ಗಡಸು ದನಿಯೇ ಬಲು ಇಷ್ಟ.

'ಭಾರತ್ ಸ್ಟೋರ್ಸ್' ಸಿನಿಮಾದಲ್ಲಿ ದಿನಸಿ ಅಂಗಡಿ ಶೆಟ್ಟರಾಗಿ ಅವರನ್ನು ನೋಡದವರು ಅಷ್ಟರೊಳಗೆ ನೋಡಿಕೊಂಡು ಬನ್ನಿ. ಮಾತು ಅಲ್ಲಿಂದಲೇ ಶುರು. ಅವರ ನಾಟಕ ಕಂಡ ಹಿರಿಯರು ತಪ್ಪದೆ ಬರಬೇಕು. ಹಳೆ ಫೋಟೋ ಇದ್ದರೆ ಗುಂಪಿಗೆ ಹಾಕಿ.