ಬೆಕ್ಕಿನ ಮೈಯ ಕಿಡಿಗೆ ಎಣ್ಣೆ ಬೇಡ, ತೇವ ಸಾಕು

ಮಾನ್ಯ ಸಂಪಾದಕರೇ,

ಸಂಕ್ರಾಂತಿ ಹತ್ತಿರವಾಗುವ ಹೊತ್ತಿಗೆ ಬೀದರಿನ ಒಣಗಾಳಿಗೆ ತುಟಿ, ಹಿಮ್ಮಡಿ ಒಡೆಯುವುದು ಇಲ್ಲಿ ಎಲ್ಲರ ಅನುಭವ. ಅದೇ ಗಾಳಿ ಮನೆಯ ನಾಯಿ, ಬೆಕ್ಕುಗಳ ಮೈಯಲ್ಲಿ ಏನು ಮಾಡುತ್ತದೆ ಎಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಉದ್ದಗೂದಲಿನ ಪರ್ಷಿಯನ್ ಬೆಕ್ಕೊಂದಿದೆ. ಕಳೆದ ಚಳಿಗಾಲದಲ್ಲಿ ಅದು ಹಾಸಿಗೆಯಿಂದ ಎದ್ದು ಬಂದಾಗ ನನ್ನ ಮೊಮ್ಮಗಳು ಪ್ರೀತಿಯಿಂದ ಮೂಗು ಮುಟ್ಟಿದರೆ ಸಾಕು, ಚಟ್ಟೆಂದು ಕಿಡಿ ಸಿಡಿದು ಇಬ್ಬರೂ ಬೆಚ್ಚಿಬೀಳುತ್ತಿದ್ದರು. ಕೆಲವೇ ದಿನಗಳಲ್ಲಿ ಬೆಕ್ಕು ಚಾಚಿದ ಕೈ ಕಂಡೊಡನೆ ಮಂಚದಡಿ ಸೇರತೊಡಗಿತು. ಸಾಕುಪ್ರಾಣಿಗಳ ಸಾಮಗ್ರಿ ಮಾರುವ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಕೂದಲು ನುಣುಪಾಗುತ್ತದೆಂದು ಟೀ ಟ್ರೀ ಎಣ್ಣೆ ಬೆರೆತ ಸುಗಂಧದ ಸ್ಪ್ರೇ ಕೊಟ್ಟರು. ಬಳಸುವ ಮೊದಲು ಪಶುವೈದ್ಯರಿಗೆ ತೋರಿಸಿದ್ದರಿಂದ ಬೆಕ್ಕು ಬಚಾವಾಯಿತು. ಟೀ ಟ್ರೀ ಎಣ್ಣೆ ಬೆಕ್ಕಿಗೆ ವಿಷ, ನಾಯಿಗೂ ಒಳ್ಳೆಯದಲ್ಲ. ಇಂಥ ಎಣ್ಣೆಗಳ ಅಂಶವನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ, ಮೇಲಾಗಿ ಮೈಗೆ ಹಚ್ಚಿದ್ದೆಲ್ಲವನ್ನೂ ಅದು ನೆಕ್ಕಿಯೇ ತೀರುತ್ತದೆ.

ಈ ಕಿಡಿ ರೋಗವಲ್ಲ, ಬರೀ ಸ್ಥಿರ ವಿದ್ಯುತ್. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದಾಗ ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಕಡ್ಡಿಯನ್ನು ತುಪ್ಪಳಕ್ಕೆ ಉಜ್ಜಿ ಕಾಗದದ ಚೂರುಗಳನ್ನು ಎತ್ತಿ ತೋರಿಸುತ್ತಿದ್ದೆ. ಮಳೆಗಾಲದಲ್ಲಿ ಕೈಕೊಡುತ್ತಿದ್ದ ಈ ಪ್ರಯೋಗ ಚಳಿಗಾಲದಲ್ಲಿ ಮಕ್ಕಳೆದುರು ನನ್ನ ಮಾನ ಉಳಿಸುತ್ತಿತ್ತು. ತುಪ್ಪಳಕ್ಕೆ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವ ಸ್ವಭಾವ, ಪಾಲಿಯೆಸ್ಟರ್ ಮತ್ತು ಬಹುತೇಕ ಪ್ಲಾಸ್ಟಿಕ್‌ಗಳಿಗೆ ಎಳೆದುಕೊಳ್ಳುವ ಸ್ವಭಾವ. ಎರಡೂ ತಿಕ್ಕಾಡಿ ಬೇರೆಯಾದಾಗ ಅವುಗಳ ಮೇಲೆ ವಿದ್ಯುತ್ ಆವೇಶ ಉಳಿಯುತ್ತದೆ. ಗಾಳಿಯಲ್ಲಿ ತೇವವಿದ್ದರೆ ಕೂದಲಿನ ಮೇಲೆ ಕಣ್ಣಿಗೆ ಕಾಣದ ನೀರಿನ ತೆಳುಪದರ ಕುಳಿತು ಆ ಆವೇಶ ಸದ್ದಿಲ್ಲದೆ ಹರಿದುಹೋಗುತ್ತದೆ, ಆದರೆ ಆರ್ದ್ರತೆ ಶೇ 40ಕ್ಕಿಂತ ಕೆಳಗಿಳಿದರೆ ಹರಿಯಲು ದಾರಿಯಿಲ್ಲದೆ ಕಿಡಿಯಾಗಿ ಜಿಗಿಯುತ್ತದೆ. ಒಂದು ಮಿಲಿಮೀಟರ್ ಜಿಗಿಯಲು ಸುಮಾರು 3,000 ವೋಲ್ಟ್ ಬೇಕೆಂದರೆ ಕೇಳುವವರಿಗೆ ದಿಗಿಲಾಗಬಹುದು. ಅದರಲ್ಲಿರುವ ಶಕ್ತಿ ತೀರಾ ಅಲ್ಪವಾದ್ದರಿಂದ ಜೀವಕ್ಕೆ ಭಯವಿಲ್ಲ. ವಿದ್ಯುತ್ ಕ್ಷೇತ್ರದ ಹೆಸರಾಂತ ಸಂಶೋಧಕ ನಿಕೋಲಾ ಟೆಸ್ಲಾ ಎಳವೆಯಲ್ಲಿ ತಮ್ಮ ಬೆಕ್ಕು ಮಾಚಕ್‌ನ ಬೆನ್ನು ಸವರಿದಾಗ ಕಂಡ ಬೆಳಕನ್ನು 1939ರ ಪತ್ರವೊಂದರಲ್ಲಿ ನೆನೆದಿದ್ದಾರೆ. ಆ ಸಂಜೆಯೂ ಅಪರೂಪದ ಒಣಚಳಿ ಇತ್ತಂತೆ.

ಹೀಗಾಗಿ ಮದ್ದು ಹಚ್ಚಬೇಕಾದುದು ಬೆಕ್ಕಿಗಲ್ಲ, ಮನೆಗೆ. ನಮ್ಮ ಬೆಕ್ಕು ಮಲಗುತ್ತಿದ್ದುದು ಮೆತ್ತನೆಯ ಪಾಲಿಯೆಸ್ಟರ್ ಬ್ಲಾಂಕೆಟ್ಟಿನ ಮೇಲೆ. ಅದನ್ನು ತೆಗೆದು ನನ್ನ ತಾಯಿ ಹೊಲಿದಿದ್ದ ಹಳೆಯ ಹತ್ತಿಬಟ್ಟೆಯ ಕೌದಿಯನ್ನು ಮಡಚಿ ಹಾಸಿದ ಮೇಲೆ ಕಿಡಿಯ ಕಾಟ ಅರ್ಧಕ್ಕರ್ಧ ಇಳಿಯಿತು. ಹತ್ತಿ ಗಾಳಿಯ ತೇವವನ್ನು ಹೀರಿ ಇಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಹೀರುವುದೇ ಇಲ್ಲವೆನ್ನಬಹುದು. ಆದರೆ ಕೌದಿ ಎಂದೊಡನೆ ನಂಬುವಂತಿಲ್ಲ. ಈಚೆಗೆ ಹೊಲಿಯುವ ಎಷ್ಟೋ ಕೌದಿಗಳಲ್ಲಿ ಸಿಂಥೆಟಿಕ್ ಸೀರೆಯ ತುಂಡುಗಳೇ ಹೆಚ್ಚು. ರಾತ್ರಿ ಕೋಣೆಯಲ್ಲಿ ಒದ್ದೆ ಬಟ್ಟೆ ಒಣಹಾಕುವುದು ಗಾಳಿಗೆ ತೇವ ಕೊಡುವ ಖರ್ಚಿಲ್ಲದ ಉಪಾಯ. ರೂಮ್ ಹೀಟರ್ ಹಚ್ಚುವವರಿಗೆ ಇದು ಇನ್ನೂ ಅಗತ್ಯ.

ಬಾಚುವಾಗ ಪ್ಲಾಸ್ಟಿಕ್ ಬಾಚಣಿಗೆಯ ಬದಲು ಲೋಹದ್ದನ್ನು ಬಳಸಿ, ಅದಕ್ಕೂ ಮೊದಲು ಒದ್ದೆ ಮಾಡಿ ಕೊಡವಿದ ಅಂಗೈಯಿಂದ ಕೂದಲನ್ನೊಮ್ಮೆ ಸವರಿದರೆ ಸಾಕು. ಒಣಗೂದಲನ್ನು ಹಾಗೆಯೇ ಎಳೆದು ಬಾಚಿದರೆ ಎಳೆಗಳು ನಿಮಿರಿ, ಸಿಕ್ಕಾಗಿ, ಕೊನೆಗೆ ಗಂಟುಗಟ್ಟುತ್ತವೆ. ಪ್ರಾಣಿಯನ್ನು ಮುಟ್ಟುವ ಮುನ್ನ ನಾವೇ ಸ್ಟೀಲ್ ಸಿಂಕನ್ನೋ ನಲ್ಲಿಯನ್ನೋ ಮುಟ್ಟಿ ಬರಬೇಕು, ಬೆರಳ ತುದಿಯಿಂದ ಮೂಗನ್ನು ಮುಟ್ಟುವ ಬದಲು ಪೂರ್ತಿ ಅಂಗೈಯನ್ನು ಬೆನ್ನ ಮೇಲಿಡಬೇಕು. ಮುಧೋಳ ನಾಯಿಯಂಥ ಗಿಡ್ಡಗೂದಲಿನ ತಳಿ ಸಾಕಿದವರಿಗೆ ಈ ತಾಪತ್ರಯ ಕಡಿಮೆ. ಪೊಮೆರೇನಿಯನ್, ಗೋಲ್ಡನ್ ರಿಟ್ರೀವರ್ ಸಾಕಿದವರಿಗೆ ತಪ್ಪಿದ್ದಲ್ಲ. ಚಳಿಗಾಲದಲ್ಲಿ ವಾರವಾರವೂ ಸ್ನಾನ ಮಾಡಿಸುವುದು, ಅದರಲ್ಲೂ ಮನುಷ್ಯರ ಶಾಂಪೂ ಹಾಕುವುದು, ಚರ್ಮದ ಸಹಜ ಜಿಡ್ಡನ್ನು ತೊಳೆದು ಕೂದಲನ್ನು ಮತ್ತಷ್ಟು ಒಣಗಿಸುತ್ತದೆ. ಇನ್ನು ನಮ್ಮ ಮನೆಗಳ ಸರ್ವರೋಗದ ಮದ್ದಾದ ಕೊಬ್ಬರಿ ಎಣ್ಣೆ ವಿಷವೇನಲ್ಲ, ಆದರೆ ಧೂಳು ಮೆತ್ತುತ್ತದೆ, ನೆಕ್ಕಿದ್ದು ಹೆಚ್ಚಾದರೆ ಭೇದಿಯಾಗುತ್ತದೆ.

ಮೊಬೈಲಿನಲ್ಲಿ ಹರಿದಾಡುವ ಇನ್ನೊಂದು ಸಲಹೆಯೆಂದರೆ ಬಟ್ಟೆ ಒಣಗಿಸುವ ಯಂತ್ರದಲ್ಲಿ ಬಟ್ಟೆಯ ಜೊತೆ ಹಾಕುವ ಡ್ರೈಯರ್ ಶೀಟ್ ಎಂಬ ಹಾಳೆಯಿಂದ ಪ್ರಾಣಿಯ ಮೈ ಒರೆಸುವುದು. ಇದು ಅಮೆರಿಕದಂಥ ಶೀತದೇಶಗಳಿಂದ ಬಂದದ್ದು. ಅಲ್ಲಿ ಸೊನ್ನೆ ಡಿಗ್ರಿಯ ಹೊರಗಾಳಿಯನ್ನು ಮನೆಯೊಳಗೆ 20 ಡಿಗ್ರಿಗೆ ಕಾಯಿಸಿದಾಗ, ಹೊರಗೆ ತೇವ ಪೂರ್ತಿ ತುಂಬಿದ್ದ ಗಾಳಿಯ ಆರ್ದ್ರತೆಯೂ ಶೇ 30ಕ್ಕಿಂತ ಕೆಳಗಿಳಿಯುತ್ತದೆ. ಅಲ್ಲಿರುವ ನಮ್ಮ ಮಕ್ಕಳ ಮನೆಗಳಲ್ಲಿ ಕಿಡಿಯ ಕಾಟ ಇಲ್ಲಿಗಿಂತ ಹೆಚ್ಚಿರುವುದು ಅದಕ್ಕೇ. ಆದರೆ ಆ ಹಾಳೆಗಳಲ್ಲಿಯೂ ನಮ್ಮಲ್ಲಿ ಬಟ್ಟೆ ಮೆತ್ತಗಾಗಲೆಂದು ಬಳಸುವ ಫ್ಯಾಬ್ರಿಕ್ ಕಂಡೀಷನರಿನಲ್ಲಿಯೂ ಇರುವ ರಾಸಾಯನಿಕಗಳನ್ನು ನೆಕ್ಕಿದರೆ ಬೆಕ್ಕಿನ ನಾಲಿಗೆ, ಬಾಯಿ ಹುಣ್ಣಾಗಬಹುದು. ಪ್ರಾಣಿಯ ಹಾಸಿಗೆಯನ್ನು ಬರೀ ಸೋಪಿನಲ್ಲಿ ತೊಳೆದು ಚೆನ್ನಾಗಿ ಜಾಲಾಡಿಸಿದರೆ ಸಾಕು.

ಸಾಕುಪ್ರಾಣಿಗಳಿಗೆಂದು ಮಾರುವ ಸ್ಪ್ರೇ, ಶಾಂಪೂಗಳ ಮೇಲೆ ಏನೇನು ಬೆರೆತಿದೆ, ಬೆಕ್ಕಿಗೆ ಆಗುತ್ತದೋ ಇಲ್ಲವೋ ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿಸುವಂತೆ ಸಂಬಂಧಪಟ್ಟವರು ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ. ನಾನು ತಂದ ಸೀಸೆಯ ಮೇಲೆ ಕನ್ನಡದ ಒಂದಕ್ಷರವೂ ಇರಲಿಲ್ಲ. ಪಶುವೈದ್ಯಕೀಯ ವಿಶ್ವವಿದ್ಯಾಲಯ ನಮ್ಮೂರಿನಲ್ಲಿಯೇ ಇದೆ. ಚಳಿಗಾಲದಲ್ಲಿ ನಾಯಿ, ಬೆಕ್ಕುಗಳ ಕೂದಲಿನ ಆರೈಕೆ ಕುರಿತು ಒಂದು ಪುಟದ ಕರಪತ್ರವನ್ನು ಸಿದ್ಧಪಡಿಸಿ ಪಶು ಆಸ್ಪತ್ರೆಗಳಲ್ಲಿ, ಸಾಧ್ಯವಾದರೆ ಅಂಗಡಿಗಳಲ್ಲೂ, ನವೆಂಬರ್ ಮುಗಿಯುವುದರೊಳಗೆ ಇರಿಸಿದರೆ ನಮ್ಮಂಥವರಿಗೆ ಉಪಕಾರವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ, ಬೀದರ್